ರಕ್ತಸೂಚಕಗಳ ಸಾಕ್ಷ್ಯಬಲ: ಕ್ಯಾನ್ಸರ್ ಚಿಕಿತ್ಸೆಯ ಫಲವನ್ನು ಮುಂದಾಗಿ ತಿಳಿಸುವ ಪರೀಕ್ಷೆಗಳ ವಿಮರ್ಶೆ

1

ರೋಗಿಯ ತೋಳಿನಿಂದ ತೆಗೆದ ಕೆಲವು ಮಿಲಿಲೀಟರು ರಕ್ತವನ್ನು ಪರೀಕ್ಷಿಸಿ, ಅವನಿಗೆ ಕೊಡಬೇಕೆಂದಿರುವ ಕ್ಯಾನ್ಸರ್ ಔಷಧವು ಫಲಿಸುವುದೋ ಇಲ್ಲವೋ ಎಂಬುದನ್ನು ಮೊದಲೇ ಹೇಳಬಹುದೆಂಬ ಮಾತು ಕಳೆದ ಎರಡು ದಶಕಗಳಿಂದ ವೈದ್ಯಕೀಯ ಸಾಹಿತ್ಯದಲ್ಲಿ ಪ್ರಬಲವಾಗುತ್ತ ಬಂದಿದೆ. ಇಂಥ ಪರೀಕ್ಷೆಗೆ ಆಧಾರವಾಗುವ ವಸ್ತುಗಳನ್ನು ಇಂಗ್ಲಿಷಿನಲ್ಲಿ 'ಬಯೋಮಾರ್ಕರ್'ಗಳೆಂದು ಕರೆಯುವುದುಂಟು. ಪ್ರಕೃತ ಲೇಖನದಲ್ಲಿ, ರಕ್ತದಲ್ಲಿ ದೊರೆಯುವ ಅಂಥ ವಸ್ತುಗಳನ್ನು 'ರಕ್ತಸೂಚಕ'ಗಳೆಂದು ವ್ಯವಹರಿಸಲಾಗಿದೆ. ಈ ಸೂಚಕಗಳ ಬಗೆಗೆ ಹೇಳಲಾಗುತ್ತಿರುವ ಮಾತುಗಳಲ್ಲಿ ಯಾವುದು ಸಾಧಾರವಾದುದು, ಯಾವುದು ಕೇವಲ ಆಶೆಯಿಂದ ಹುಟ್ಟಿದುದು ಎಂಬುದನ್ನು ಪರಿಶೀಲಿಸುವುದೇ ಇಲ್ಲಿಯ ಉದ್ದೇಶ.

ಇತಿಹಾಸದ ಅಧ್ಯಾಪಕನು ವೈದ್ಯಶಾಸ್ತ್ರದ ವಿಷಯವನ್ನು ಕೈಗೆತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಯಾವ ರೋಗಿಗೆ ಯಾವ ಔಷಧ ತಕ್ಕುದೆಂಬ ನಿರ್ಣಯವು ವೈದ್ಯರದೇ ಹೊರತು ಇತರರದಲ್ಲ. ಆದರೆ ಕಾಣುವ ಚಿಹ್ನೆಯಿಂದ ಕಾಣದ ಸಂಗತಿಯನ್ನು ಊಹಿಸುವ ಕ್ರಮವು ಉಭಯ ಶಾಸ್ತ್ರಗಳಿಗೂ ಸಮಾನವಾದುದು. ಶಾಸನದ ಮುರಿದ ಸಾಲು, ಸವೆದ ನಾಣ್ಯ, ಹೊಲದ ನಡುವಿನ ಬೂದಿಯ ದಿಬ್ಬ ಇವುಗಳಿಂದ ನಾವು ಗತಕಾಲವನ್ನು ಊಹಿಸುತ್ತೇವೆ. ರಕ್ತದಲ್ಲಿನ ಪ್ರೋಟೀನು ಅಥವಾ ಡಿ.ಎನ್.ಎ. ತುಣುಕಿನಿಂದ ವೈದ್ಯರು ದೇಹದೊಳಗಿನ ಗಡ್ಡೆಯ ಸ್ವಭಾವವನ್ನೂ ಅದರ ಮುಂದಿನ ನಡೆಯನ್ನೂ ಊಹಿಸುತ್ತಾರೆ. ಸಾಕ್ಷಿಯನ್ನು ಅಡ್ಡಪ್ರಶ್ನೆಗೆ ಗುರಿಪಡಿಸುವ ನಿಯಮಗಳು ಎರಡೆಡೆಯಲ್ಲೂ ಬಹುಮಟ್ಟಿಗೆ ಒಂದೇ.

ಪ್ರಶ್ನೆಯು ಕೇವಲ ತರ್ಕದ್ದೂ ಅಲ್ಲ. ಸೂಚಕವು ಸುಳ್ಳಾಗಿ 'ಫಲಿಸುವುದು' ಎಂದರೆ ರೋಗಿಯು ನಿಷ್ಪ್ರಯೋಜಕವಾದ ಉಗ್ರ ಔಷಧವನ್ನು ಸೇವಿಸಿ, ಉಳಿದ ಅಲ್ಪ ಬಲವನ್ನೂ ಕಳೆದುಕೊಳ್ಳುತ್ತಾನೆ. ಸುಳ್ಳಾಗಿ 'ಫಲಿಸದು' ಎಂದರೆ ಬದುಕಿಸಬಹುದಾಗಿದ್ದ ಔಷಧವು ಅವನಿಗೆ ದೊರೆಯದೆ ಹೋಗುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳಂಥ ಸ್ಥಳಗಳಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಇಲ್ಲಿಯ ರೋಗಿಯು ಕ್ಯಾನ್ಸರ್ ಚಿಕಿತ್ಸೆಗಾಗಿ ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗಬೇಕಾಗುತ್ತದೆ. ಪ್ರಯಾಣಕ್ಕೂ ವಸತಿಗೂ ಔಷಧಕ್ಕೂ ಕೂಡಿಸಿದ ಹಣದಲ್ಲಿಯೇ ಪರೀಕ್ಷೆಯ ವೆಚ್ಚವೂ ಹೋಗಬೇಕು. ಆದುದರಿಂದ ಪರೀಕ್ಷೆಯ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ಕೇಳುವ ಹಕ್ಕು ವಿದ್ಯಾವಂತರಾದ ಎಲ್ಲರಿಗೂ ಉಂಟು.

2

ಭವಿಷ್ಯಕಥನದ ಸಾಕ್ಷ್ಯವನ್ನು ಹೇಗೆ ಪರೀಕ್ಷಿಸಬೇಕೆಂಬುದಕ್ಕೆ ಸಗರನಾಡಿನ ಇತಿಹಾಸದಲ್ಲಿಯೇ ಪ್ರಸಿದ್ಧವಾದ ದೃಷ್ಟಾಂತವೊಂದು ದೊರೆಯುತ್ತದೆ. ಸುರಪುರದ ಅರಸ ವೆಂಕಟಪ್ಪನಾಯಕನು ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತದ ಹೊಣೆ ಹೊತ್ತಿದ್ದ ಫಿಲಿಪ್ ಮೆಡೋಸ್ ಟೇಲರನು 'ಸ್ಟೋರಿ ಆಫ್ ಮೈ ಲೈಫ್' ಎಂಬ ತನ್ನ ಆತ್ಮಕಥೆಯಲ್ಲಿ ಆ ಅರಸನ ಜಾತಕದ ವಿಷಯವನ್ನು ಹೇಳಿದ್ದಾನೆ. ಅರಸನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೃತನಾಗುವನೆಂದು ಜಾತಕದಲ್ಲಿತ್ತೆಂದೂ, ಅದನ್ನು ಅರಮನೆಯವರು ಗುಟ್ಟಾಗಿ ತನಗೆ ತಿಳಿಸಿದ್ದರೆಂದೂ ಅವನ ಕಥನ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ದಂಗೆಯ ಬಳಿಕ ಅರಸನು ಸೆರೆಯಾಳಾಗಿದ್ದು, ಆ ವರ್ಷವೇ ಗುಂಡಿನಿಂದ ಮೃತನಾದನು. ಆ ಮರಣದ ರೀತಿಯ ಬಗೆಗಿನ ವಿವಾದವು ಇಲ್ಲಿ ಅಪ್ರಸ್ತುತ. ಜಾತಕವು ಫಲಿಸಿತೆಂಬ ಮಾತು ಮಾತ್ರ ಅಂದಿನಿಂದ ಬಳಕೆಯಲ್ಲಿದೆ.

ಟೇಲರನ ಪ್ರಾಮಾಣಿಕತೆಯನ್ನು ಸಂದೇಹಿಸದೆಯೂ ಇತಿಹಾಸಕಾರನು ಇಲ್ಲಿ ಮೂರು ಪ್ರಶ್ನೆಗಳನ್ನು ಕೇಳಲೇಬೇಕಾಗುತ್ತದೆ. ಮೊದಲನೆಯದು, ಸಾಕ್ಷ್ಯದ ಕಾಲ. ಆತ್ಮಕಥೆಯು ಪ್ರಕಟವಾದುದು 1877ರಲ್ಲಿ, ಎಂದರೆ ಘಟನೆಯಾಗಿ 19 ವರ್ಷಗಳಾದ ಮೇಲೆ, ಲೇಖಕನೂ ತೀರಿಕೊಂಡ ಬಳಿಕ. ಫಲವನ್ನು ಅರಿತವನು ಬರೆದ ಭವಿಷ್ಯವು, ಫಲವನ್ನು ಅರಿಯದವನು ಬರೆದಿಟ್ಟ ಭವಿಷ್ಯಕ್ಕೆ ಸಮವಲ್ಲ. ಎರಡನೆಯದು, ಸಾಕ್ಷ್ಯದ ಆಯ್ಕೆ. ಅದೇ ಶತಮಾನದಲ್ಲಿ ದಖ್ಖನಿನ ಸಂಸ್ಥಾನಗಳಲ್ಲಿ ಬರೆಯಿಸಿದ ಜಾತಕಗಳು ಅಸಂಖ್ಯ. ಅವುಗಳಲ್ಲಿ ಫಲಿಸದವನ್ನು ಯಾರೂ ಗ್ರಂಥಸ್ಥಗೊಳಿಸಲಿಲ್ಲ. ಮೂರನೆಯದು, ಸಾಕ್ಷ್ಯದ ಉಪಯೋಗ. ಆ ಭವಿಷ್ಯವು ನಿಜವೇ ಆಗಿದ್ದಿತೆಂದು ಒಪ್ಪಿದರೂ, ಏನು ಮಾಡಿದರೆ ಅರಸನು ಉಳಿಯಬಹುದೆಂಬುದನ್ನು ಅದು ಹೇಳಲಿಲ್ಲ. ಕೇಳಿದವರಿಗೆ ಕಳವಳವನ್ನಲ್ಲದೆ ಬೇರೇನನ್ನೂ ಕೊಡಲಿಲ್ಲ.

ಜ್ಯೋತಿಷ್ಯವನ್ನೂ ರಸಾಯನ ಪರೀಕ್ಷೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇಲ್ಲಿಯ ಅಭಿಪ್ರಾಯವಲ್ಲ. ರಕ್ತಸೂಚಕಕ್ಕೆ ದೇಹದ ವ್ಯಾಪಾರದೊಡನೆ ಕಾರ್ಯಕಾರಣ ಸಂಬಂಧವಿದೆ, ಗ್ರಹಗತಿಗೆ ಅದಿಲ್ಲ. ಆದರೂ ಮೇಲಿನ ಮೂರು ಪ್ರಶ್ನೆಗಳು ಭವಿಷ್ಯವನ್ನು ಹೇಳುವ ಯಾವ ಸಾಧನಕ್ಕಾದರೂ ಅನ್ವಯಿಸತಕ್ಕವು. ರಕ್ತಸೂಚಕಗಳ ಚರಿತ್ರೆಯಲ್ಲಿ ಸಂಭವಿಸಿದ ದೊಡ್ಡ ಪ್ರಮಾದಗಳೆಲ್ಲ ಈ ಮೂರರಲ್ಲಿ ಒಂದನ್ನು ಮರೆತುದರಿಂದಲೇ ಉಂಟಾದುವೆಂಬುದನ್ನು ಮುಂದೆ ತೋರಿಸಲಾಗುವುದು.

3

ಮೊದಲು ಎರಡು ಪರಿಭಾಷೆಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯಕ. ಯಾವ ಚಿಕಿತ್ಸೆ ಕೊಟ್ಟರೂ ಕೊಡದಿದ್ದರೂ ರೋಗವು ಸಾಮಾನ್ಯವಾಗಿ ಹೇಗೆ ಸಾಗುವುದೆಂಬುದನ್ನು ತಿಳಿಸುವ ಚಿಹ್ನೆಯನ್ನು 'ಗತಿಸೂಚಕ'ವೆನ್ನೋಣ. ಒಂದು ನಿರ್ದಿಷ್ಟ ಚಿಕಿತ್ಸೆಯಿಂದ ಇನ್ನೊಂದಕ್ಕಿಂತ ಹೆಚ್ಚಿನ ಉಪಕಾರ ಯಾರಿಗೆ ಆಗುವುದೆಂಬುದನ್ನು ತಿಳಿಸುವುದು 'ಫಲಸೂಚಕ'. ಸುರಪುರದ ಜಾತಕವು, ನಿಜವಾಗಿದ್ದ ಪಕ್ಷದಲ್ಲಿಯೂ, ಕೇವಲ ಗತಿಸೂಚಕ. ಪತ್ರಿಕೆಗಳ ವರದಿಗಳಲ್ಲಿಯೂ ಪರೀಕ್ಷಾಲಯಗಳ ಪ್ರಕಟಣೆಗಳಲ್ಲಿಯೂ ಈ ಭೇದವು ಅನೇಕ ವೇಳೆ ಅಳಿಸಿಹೋಗುತ್ತದೆ.

ಫಲಸೂಚಕವೆಂದರೆ ಏನೆಂಬುದಕ್ಕೆ ಅತ್ಯುತ್ತಮವಾದ ನಿದರ್ಶನವು ಶ್ವಾಸಕೋಶದ ಕ್ಯಾನ್ಸರಿನಲ್ಲಿ ದೊರೆಯುತ್ತದೆ. ಕೆಲವು ರೋಗಿಗಳ ಗಡ್ಡೆಯಲ್ಲಿ ಇ.ಜಿ.ಎಫ್.ಆರ್. ಎಂಬ ಜೀನಿನಲ್ಲಿ ಉತ್ಪರಿವರ್ತನೆ, ಎಂದರೆ ಅಕ್ಷರವ್ಯತ್ಯಾಸದಂಥ ಒಂದು ಬದಲಾವಣೆ, ಆಗಿರುತ್ತದೆಂಬುದೂ, ಅಂಥವರಲ್ಲಿ ಜೆಫಿಟಿನಿಬ್ ಎಂಬ ಗುಳಿಗೆಯು ಚೆನ್ನಾಗಿ ಫಲಿಸುತ್ತದೆಂಬುದೂ 2004ರಲ್ಲಿ ತಿಳಿದುಬಂದಿತು. 2009ರಲ್ಲಿ ಪ್ರಕಟವಾದ ಪೂರ್ವ ಏಷ್ಯದ ಪ್ರಯೋಗವೊಂದರಲ್ಲಿ 1,217 ರೋಗಿಗಳನ್ನು, ಚೀಟಿ ಎತ್ತಿದಂತೆ, ಎರಡು ಗುಂಪುಗಳಾಗಿ ವಿಭಜಿಸಿ, ಒಂದಕ್ಕೆ ಆ ಗುಳಿಗೆಯನ್ನೂ ಇನ್ನೊಂದಕ್ಕೆ ರೂಢಿಯ ರಸಾಯನ ಚಿಕಿತ್ಸೆಯನ್ನೂ ಕೊಡಲಾಯಿತು. ಉತ್ಪರಿವರ್ತನೆ ಇದ್ದವರಲ್ಲಿ ಗುಳಿಗೆಯಿಂದ 100ಕ್ಕೆ 71.2 ಮಂದಿಯ ಗಡ್ಡೆ ಕುಗ್ಗಿದರೆ, ರಸಾಯನ ಚಿಕಿತ್ಸೆಯಿಂದ ಕುಗ್ಗಿದುದು 47.3 ಮಂದಿಯದು. ಉತ್ಪರಿವರ್ತನೆ ಇಲ್ಲದವರಲ್ಲಿ ಫಲವು ತಲೆಕೆಳಗಾಯಿತು: ಗುಳಿಗೆಯಿಂದ 1.1, ರಸಾಯನ ಚಿಕಿತ್ಸೆಯಿಂದ 23.5. ಒಂದೇ ಚಿಹ್ನೆಯು ಒಬ್ಬರಿಗೆ ಈ ದಾರಿ, ಇನ್ನೊಬ್ಬರಿಗೆ ಆ ದಾರಿ ಎಂದು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿದಾಗ ಅದನ್ನು ಫಲಸೂಚಕವೆಂದು ನಿಸ್ಸಂಕೋಚವಾಗಿ ಕರೆಯಬಹುದು.

ಈ ಪ್ರಯೋಗದಲ್ಲಿ ಪರೀಕ್ಷಿಸಿದುದು ಗಡ್ಡೆಯ ತುಣುಕನ್ನು. ಗಡ್ಡೆಯಿಂದ ಕಳಚಿ ರಕ್ತದಲ್ಲಿ ತೇಲುವ ಡಿ.ಎನ್.ಎ.ಯಲ್ಲಿಯೂ ಅದೇ ಬದಲಾವಣೆಯನ್ನು ಹುಡುಕಬಹುದೆಂದು ತಿಳಿದ ಮೇಲೆ, 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇದಕ್ಕಾಗಿ ರಕ್ತಪರೀಕ್ಷೆಯೊಂದಕ್ಕೆ ಮನ್ನಣೆ ನೀಡಿತು. ಆದರೆ ಒಂದು ನಿಬಂಧನೆಯೂ ಅದರೊಡನಿತ್ತು. ರಕ್ತದಲ್ಲಿ ಬದಲಾವಣೆ ಕಂಡರೆ ಅದನ್ನು ನಂಬಬಹುದು; ಕಾಣದಿದ್ದರೆ ಸಾಧ್ಯವಾದಲ್ಲಿ ಗಡ್ಡೆಯ ತುಣುಕನ್ನೇ ಪರೀಕ್ಷಿಸಬೇಕು. ಗಡ್ಡೆಯು ರಕ್ತಕ್ಕೆ ಬಿಡುವ ಡಿ.ಎನ್.ಎ. ಕೆಲವೊಮ್ಮೆ ತೀರ ಅಲ್ಪವಾಗಿರುವುದೇ ಇದಕ್ಕೆ ಕಾರಣ. ಶಾಸನ ದೊರೆಯಲಿಲ್ಲವೆಂಬುದರಿಂದ ಆ ಊರಿನಲ್ಲಿ ಅರಸನೇ ಇರಲಿಲ್ಲವೆಂದು ಸಾಧಿಸಲಾಗದೆಂಬ ನಮ್ಮ ಹಳೆಯ ನಿಯಮವೇ ಇದು.

4

ರಕ್ತದಲ್ಲಿ ಕ್ಯಾನ್ಸರಿನ ಕುರುಹನ್ನು ಅರಸುವ ಪ್ರಯತ್ನವು ಈಚಿನದಲ್ಲ. 1869ರಲ್ಲಿ ಆಸ್ಟ್ರೇಲಿಯದ ವೈದ್ಯ ಥಾಮಸ್ ಆಶ್‌ವರ್ತ್, ಕ್ಯಾನ್ಸರಿನಿಂದ ಮೃತನಾದವನೊಬ್ಬನ ರಕ್ತದಲ್ಲಿ ಗಡ್ಡೆಯ ಕಣಗಳನ್ನೇ ಹೋಲುವ ಕಣಗಳನ್ನು ಕಂಡು ವರದಿ ಮಾಡಿದರು. 1948ರಲ್ಲಿ ಫ್ರಾನ್ಸಿನ ಮಾಂಡೆಲ್ ಮತ್ತು ಮೆಟೇ ಎಂಬುವರು ಮನುಷ್ಯರ ರಕ್ತದ್ರವದಲ್ಲಿ ಕಣಗಳ ಹೊರಗೂ ನ್ಯೂಕ್ಲಿಯಿಕ್ ಆಮ್ಲಗಳಿರುವುದನ್ನು ತೋರಿಸಿದರು. 1965ರಲ್ಲಿ ಮಾಂಟ್ರಿಯಲ್ಲಿನ ಗೋಲ್ಡ್ ಮತ್ತು ಫ್ರೀಡ್‌ಮನ್ ದೊಡ್ಡ ಕರುಳಿನ ಕ್ಯಾನ್ಸರಿಗೆ ಸಂಬಂಧಪಟ್ಟ ಸಿ.ಇ.ಎ. ಎಂಬ ಪ್ರೋಟೀನನ್ನೂ, 1981ರಲ್ಲಿ ಬ್ಯಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಪಟ್ಟ ಸಿ.ಎ.125 ಅನ್ನು ಗುರುತಿಸುವ ಪ್ರತಿಕಾಯವನ್ನೂ ಪ್ರಕಟಪಡಿಸಿದರು. ಇವೆಲ್ಲ ಆವಿಷ್ಕಾರಗಳ ಚರಿತ್ರೆ. ಉಪಯೋಗದ ಚರಿತ್ರೆಯು ಇದಕ್ಕಿಂತ ಹೆಚ್ಚು ಬೋಧಪ್ರದವಾದುದು.

ಉಪಯೋಗದ ಚರಿತ್ರೆಯಲ್ಲಿ ಪ್ರಥಮ ಸ್ಥಾನವು ಎಚ್.ಸಿ.ಜಿ. ಎಂಬ ಗರ್ಭಸಂಬಂಧಿ ಹಾರ್ಮೋನಿಗೆ ಸಲ್ಲಬೇಕು. ಗರ್ಭದ ಮಾಸಿನಿಂದ ಹುಟ್ಟುವ ಕೋರಿಯೋಕಾರ್ಸಿನೋಮ ಎಂಬ ಕ್ಯಾನ್ಸರಿನಲ್ಲಿ ಇದರ ಪ್ರಮಾಣವು ಏರುತ್ತದೆ. 1956ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಮಿನ್ ಚಿಯು ಲಿ, ರಾಯ್ ಹರ್ಟ್ಸ್ ಮೊದಲಾದವರು ಮೆಥೊಟ್ರೆಕ್ಸೇಟ್ ಔಷಧದಿಂದ ಈ ರೋಗವು ಹಿಮ್ಮೆಟ್ಟಿದುದನ್ನು ವರದಿ ಮಾಡಿದರು. ಗಡ್ಡೆಯು ಕಣ್ಣಿಗೆ ಕಾಣದಂತಾದ ಮೇಲೂ ಹಾರ್ಮೋನು ಪೂರ್ಣವಾಗಿ ಇಳಿಯುವವರೆಗೆ ಔಷಧವನ್ನು ನಿಲ್ಲಿಸಬಾರದೆಂಬುದು ಲಿ ಅವರ ಹಟ. ರೋಗ ಕಾಣದಿರುವಾಗಲೂ ವಿಷಪ್ರಾಯವಾದ ಔಷಧವನ್ನು ಕೊಟ್ಟರೆಂಬ ಆಕ್ಷೇಪದಿಂದ ಅವರು ಆ ಸಂಸ್ಥೆಯನ್ನು ಬಿಡಬೇಕಾಯಿತು. ಆದರೆ ಹಾರ್ಮೋನು ಇಳಿಯುವವರೆಗೆ ಚಿಕಿತ್ಸೆ ಪಡೆದವರೇ ಗುಣಮುಖರಾಗಿ ಉಳಿದುದು ಕಾಲಕ್ರಮದಲ್ಲಿ ಸ್ಪಷ್ಟವಾಯಿತು. 1972ರಲ್ಲಿ ಲಿ ಅವರು ಲಾಸ್ಕರ್ ಪ್ರಶಸ್ತಿಗೆ ಪಾತ್ರರಾದರು. ಅಂದು ಮೂತ್ರದಲ್ಲಿ ಅಳೆಯುತ್ತಿದ್ದ ಈ ಹಾರ್ಮೋನನ್ನು ಇಂದು ರಕ್ತದಲ್ಲಿ ಸುಲಭವಾಗಿ ಅಳೆಯಬಹುದು. ಅಂಕಿಯನ್ನು ನೋಡಿ ಚಿಕಿತ್ಸೆ ಮಾಡುವ ತತ್ತ್ವಕ್ಕೆ ಇಷ್ಟು ಭದ್ರವಾದ ಆಧಾರ ಬೇರೆಲ್ಲಿಯೂ ಅಪರೂಪ.

ಇದೇ ತತ್ತ್ವವನ್ನು ಅಂಡಾಶಯದ ಕ್ಯಾನ್ಸರಿಗೆ ಅನ್ವಯಿಸಿದಾಗ ಏನಾಯಿತೆಂಬುದು ಅತ್ಯಂತ ವಿಚಾರಾರ್ಹ. ಚಿಕಿತ್ಸೆಯಿಂದ ರೋಗ ಶಮನವಾದ ಮಹಿಳೆಯರಲ್ಲಿ ಸಿ.ಎ.125 ಮತ್ತೆ ಏರತೊಡಗಿದರೆ, ಬಹುಪಾಲು ಸಂದರ್ಭಗಳಲ್ಲಿ ಕೆಲವು ತಿಂಗಳಲ್ಲಿ ರೋಗವೂ ಮರುಕಳಿಸುತ್ತದೆ. ಎಂದರೆ ಭವಿಷ್ಯವು ನಿಜ. ಹಾಗಿರುವಾಗ ಲಕ್ಷಣಗಳಿಗೆ ಕಾಯದೆ ಅಂಕಿ ಏರಿದೊಡನೆಯೇ ಚಿಕಿತ್ಸೆಯನ್ನು ಆರಂಭಿಸಿದರೆ ಆಯುಸ್ಸು ಹೆಚ್ಚಬೇಕೆಂಬ ಊಹೆ ಸಹಜವಾದುದು. ರಸ್ಟಿನ್ ಮತ್ತು ಸಂಗಡಿಗರು 529 ಮಹಿಳೆಯರನ್ನು ಎರಡು ಗುಂಪು ಮಾಡಿ ಈ ಊಹೆಯನ್ನು ಪರೀಕ್ಷಿಸಿ, ಫಲವನ್ನು 2010ರಲ್ಲಿ ಪ್ರಕಟಿಸಿದರು. ಅಂಕಿಯನ್ನು ಅನುಸರಿಸಿದ ಗುಂಪಿನ ಮಧ್ಯಾಂಕ ಜೀವಿತಾವಧಿ 25.7 ತಿಂಗಳು, ಲಕ್ಷಣಗಳಿಗೆ ಕಾದ ಗುಂಪಿನದು 27.1 ತಿಂಗಳು. ಮೊದಲಿನ ಗುಂಪಿನವರು ಔಷಧದ ಕಷ್ಟವನ್ನು ಸುಮಾರು ಐದು ತಿಂಗಳು ಮೊದಲೇ ಅನುಭವಿಸಿದರೇ ಹೊರತು ಒಂದು ದಿನದ ಆಯುಸ್ಸನ್ನೂ ಹೆಚ್ಚಾಗಿ ಗಳಿಸಿದುದು ಸಿದ್ಧಪಡಲಿಲ್ಲ.

ಸ್ತನ ಕ್ಯಾನ್ಸರಿನ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ದೇಹದಲ್ಲಿ ಹರಡಿದ ಸ್ತನ ಕ್ಯಾನ್ಸರಿನಲ್ಲಿ, 7.5 ಮಿಲಿಲೀಟರು ರಕ್ತದಲ್ಲಿ ಐದು ಅಥವಾ ಹೆಚ್ಚು ಗಡ್ಡೆಯ ಕಣಗಳಿದ್ದರೆ ರೋಗದ ಗತಿ ಕೆಟ್ಟದೆಂಬುದು ಪದೇ ಪದೇ ದೃಢಪಟ್ಟಿದೆ. ಮೊದಲ ಸುತ್ತಿನ ಚಿಕಿತ್ಸೆಯ ಬಳಿಕವೂ ಕಣಗಳ ಸಂಖ್ಯೆ ಇಳಿಯದಿದ್ದರೆ ಔಷಧವನ್ನು ಬದಲಿಸುವುದು ಲೇಸಲ್ಲವೆ? 2014ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಅಂಥ 123 ರೋಗಿಗಳಲ್ಲಿ ಕೆಲವರಿಗೆ ಔಷಧವನ್ನು ಬದಲಿಸಿ, ಕೆಲವರಿಗೆ ಹಳೆಯದನ್ನೇ ಮುಂದುವರಿಸಲಾಯಿತು. ಜೀವಿತಾವಧಿಯಲ್ಲಿ ಗಣನೀಯ ಭೇದವೇನೂ ಕಾಣಲಿಲ್ಲ. ಕಣಗಳು ಹೇಳಿದ ದುರ್ವಾರ್ತೆ ನಿಜವಾಗಿತ್ತು. ಆದರೆ ಬದಲಾಗಿ ಕೊಡಲು ಹೆಚ್ಚು ಬಲವುಳ್ಳ ಔಷಧ ಇರಲಿಲ್ಲ.

ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಿದ್ಧಾಂತವು ತಾನಾಗಿಯೇ ಹೊರಡುತ್ತದೆ. ತರ್ಕವು ಮೂರರಲ್ಲಿಯೂ ಒಂದೇ. ಫಲ ಬೇರೆ ಬೇರೆ. ಒಂದೆಡೆ ಗೆದ್ದ ತರ್ಕವನ್ನು ಇನ್ನೊಂದೆಡೆಗೆ ಒಯ್ಯುವಾಗ ಪುನಃ ಪರೀಕ್ಷಿಸದೆ ಒಯ್ಯಬಾರದು. ಭವಿಷ್ಯವು ನಿಜವಾಯಿತೆಂಬುದು ಸೂಚಕಕ್ಕೆ ಸಾಕಾದ ಪ್ರಮಾಣಪತ್ರವಲ್ಲ. ಸೂಚಕದ ಮಾತನ್ನು ಕೇಳಿ ನಡೆದವರಿಗೆ, ಕೇಳದೆ ನಡೆದವರಿಗಿಂತ, ಒಳ್ಳೆಯದಾಯಿತೆ ಎಂಬುದೇ ಅದರ ನಿಜವಾದ ಒರೆಗಲ್ಲು.

5

ಇನ್ನು ಸಾಕ್ಷ್ಯದ ಶುದ್ಧತೆಯ ವಿಷಯ. ಹಸ್ತಪ್ರತಿಗಳನ್ನು ಸಂಪಾದಿಸಿದವರಿಗೆ ಲಿಪಿಕಾರರ ಸ್ಖಲನಗಳು ಪರಿಚಿತ. ಒಂದು ಸಾಲು ಬಿಟ್ಟುಹೋದರೆ ಮುಂದಿನ ಅಂಕಿಗಳೆಲ್ಲ ತಪ್ಪಾದ ಹೆಸರುಗಳೆದುರು ಬೀಳುತ್ತವೆ. ಇಂಥದೇ ಸ್ಖಲನವು ಕ್ಯಾನ್ಸರ್ ಸಂಶೋಧನೆಯಲ್ಲಿ ದೊಡ್ಡ ಅನರ್ಥಕ್ಕೆ ಎಡೆಮಾಡಿಕೊಟ್ಟಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು, ಜೀನುಗಳ ವಿನ್ಯಾಸವನ್ನು ನೋಡಿ ಯಾವ ರಸಾಯನ ಚಿಕಿತ್ಸೆ ಯಾರಿಗೆ ಫಲಿಸುವುದೆಂದು ಹೇಳಬಹುದೆಂದು ಪ್ರತಿಪಾದಿಸಿತು. ಅದು ರಕ್ತಪರೀಕ್ಷೆಯಾಗಿರದಿದ್ದರೂ ಪ್ರಶ್ನೆಯು ನಮ್ಮದೇ. ಹ್ಯೂಸ್ಟನ್ನಿನ ಸಂಖ್ಯಾಶಾಸ್ತ್ರಜ್ಞರಾದ ಬ್ಯಾಗರ್ಲಿ ಮತ್ತು ಕೂಂಬ್ಸ್ ಮೂಲದ ಅಂಕಿಅಂಶಗಳನ್ನು ತಂದು ಪುನಃ ಲೆಕ್ಕ ಹಾಕಿದಾಗ, ಜೀನುಗಳ ಪಟ್ಟಿಯು ಒಂದು ಸಾಲು ಕೆಳಗೆ ಜಾರಿದ್ದುದೂ, ಕೆಲವೆಡೆ 'ಫಲಿಸುವವರು' ಎಂಬ ಗುರುತು 'ಫಲಿಸದವರ' ಮೇಲೆ ಬಿದ್ದುದೂ ಹೊರಬಿದ್ದಿತು. 2009ರಲ್ಲಿ ಇದನ್ನು ಅವರು ಪ್ರಕಟಿಸಿದರು. ಆ ವೇಳೆಗಾಗಲೇ ಈ ವಿಧಾನದ ಆಧಾರದ ಮೇಲೆ ರೋಗಿಗಳಿಗೆ ಔಷಧವನ್ನು ಗೊತ್ತುಪಡಿಸುವ ಪ್ರಯೋಗಗಳು ನಡೆಯುತ್ತಿದ್ದುವು. ಅವನ್ನು ನಿಲ್ಲಿಸಲಾಯಿತು, 2011ರಲ್ಲಿ ಮೂಲ ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. ಮುಂದಿನ ವಿಚಾರಣೆಯಲ್ಲಿ ಕೇವಲ ಕೈತಪ್ಪಲ್ಲದೆ ಅಪ್ರಾಮಾಣಿಕತೆಯೂ ಇದ್ದುದು ಸಿದ್ಧಪಟ್ಟಿತು. ಮೂಲ ಪ್ರತಿಯನ್ನು ನೋಡಬೇಕೆಂಬ ಹಟವೇ ಇಲ್ಲಿ ಸತ್ಯವನ್ನು ಉಳಿಸಿದುದು.

ನಮ್ಮ ನಾಡಿನ ಪ್ರಯತ್ನವೊಂದನ್ನೂ ಇಲ್ಲಿ ಉಲ್ಲೇಖಿಸಬೇಕು. ಬೆಂಗಳೂರಿನ ಮಿತ್ರ ಬಯೋಟೆಕ್ ಸಂಸ್ಥೆಯ ಸಂಶೋಧಕರು ಇತರರೊಡನೆ ಕೂಡಿ 2015ರಲ್ಲಿ ಪ್ರಕಟಿಸಿದ ಲೇಖನವು ಬುದ್ಧಿವಂತಿಕೆಯಿಂದ ಕೂಡಿದ ವಿಧಾನವನ್ನು ವಿವರಿಸುತ್ತದೆ. ರೋಗಿಯ ಗಡ್ಡೆಯ ತುಣುಕನ್ನು ಅದೇ ರೋಗಿಯ ರಕ್ತದ ಸೀರಮ್ಮಿನಲ್ಲಿ ಜೀವಂತವಾಗಿಟ್ಟು, ಔಷಧವನ್ನು ಮೊದಲು ಆ ತುಣುಕಿನ ಮೇಲೆ ಪ್ರಯೋಗಿಸುವುದು ಅದರ ತಿರುಳು. 109 ರೋಗಿಗಳ ಅನುಭವದಿಂದ ಲೆಕ್ಕದ ಸೂತ್ರವನ್ನು ರಚಿಸಿ, ಬೇರೆ 55 ರೋಗಿಗಳಲ್ಲಿ ಅದನ್ನು ಪರೀಕ್ಷಿಸಲಾಯಿತು. ಔಷಧ ಫಲಿಸಿದವರಲ್ಲಿ ಯಾರನ್ನೂ ಪರೀಕ್ಷೆಯು ಕೈಬಿಡಲಿಲ್ಲವೆಂದು, ಎಂದರೆ 100ಕ್ಕೆ 100ರಷ್ಟು ಗ್ರಹಣಶಕ್ತಿ ಕಂಡುಬಂದಿತೆಂದು ವರದಿಯಾಗಿದೆ.

ರಚಿಸಿದ ಗುಂಪನ್ನೂ ಪರೀಕ್ಷಿಸಿದ ಗುಂಪನ್ನೂ ಬೇರೆಯಾಗಿಟ್ಟುದು ಶ್ಲಾಘ್ಯ. ಸುರಪುರದ ಜಾತಕಕ್ಕೆ ಕೇಳಿದ ಮೊದಲ ಪ್ರಶ್ನೆಗೆ ಇದರಿಂದ ತಕ್ಕಮಟ್ಟಿನ ಉತ್ತರ ದೊರೆಯುತ್ತದೆ. ಆದರೆ ಎರಡು ಮಾತುಗಳನ್ನು ಹೇಳದಿರಲಾಗದು. ಸಂಖ್ಯಾಶಾಸ್ತ್ರದ ಸರಳ ನಿಯಮದಂತೆ, 55 ಸಲ ಒಂದೂ ತಪ್ಪಾಗದಿದ್ದರೂ ನಿಜವಾದ ತಪ್ಪಿನ ಪ್ರಮಾಣವು 100ಕ್ಕೆ ಐದರವರೆಗೆ ಇರಬಹುದು. ಇಲ್ಲಿ ಔಷಧ ಫಲಿಸಿದವರು 55ಕ್ಕಿಂತ ಕಡಿಮೆಯಾದುದರಿಂದ ಸಂದೇಹದ ಅವಕಾಶ ಇನ್ನೂ ಹೆಚ್ಚು. ಎರಡನೆಯದಾಗಿ, ಇಲ್ಲಿ ಹೋಲಿಸಿದುದು ಮುನ್ನುಡಿಯನ್ನೂ ಫಲವನ್ನೂ. ಪರೀಕ್ಷೆಯ ಮಾತಿನಂತೆ ಔಷಧವನ್ನು ಆರಿಸಿದರೆ ರೋಗಿಯು ಹೆಚ್ಚು ಕಾಲ ಬದುಕುವನೇ ಎಂಬುದು ಅದರಿಂದ ಬೇರೆಯಾದ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದರ ಉತ್ತರವೆಂದು ಓದುವುದು ಓದುಗನ ತಪ್ಪಾದೀತು.

6

ಸುರಪುರ ಪ್ರಾಂತದ ಬೂದಿಹಾಳದಲ್ಲಿರುವ ಬೂದಿದಿಬ್ಬವು ಪುರಾತತ್ತ್ವಜ್ಞರಿಗೆಲ್ಲ ಪರಿಚಿತ. ದಖ್ಖನಿನ ಇಂಥ ದಿಬ್ಬಗಳನ್ನು ಒಬ್ಬರು ಜ್ವಾಲಾಮುಖಿಯ ಕೆಲಸವೆಂದರು, ಒಬ್ಬರು ಕುಲುಮೆಗಳ ಅವಶೇಷವೆಂದರು. ಜನರು ಪುರಾಣದ ರಾಕ್ಷಸರ ಚಿತೆಯೆಂದರು. ಆಲ್ಚಿನ್ ಅವರು 1957ರಲ್ಲಿ ಉತ್ನೂರಿನಲ್ಲಿಯೂ, ಪದ್ದಯ್ಯನವರು 1990ರ ದಶಕದಲ್ಲಿ ಬೂದಿಹಾಳದಲ್ಲಿಯೂ ನಡೆಸಿದ ಉತ್ಖನನಗಳಿಂದ, ಇವು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ಬೂದಿಯೆಂಬುದು ಸ್ಥಿರಪಟ್ಟಿತು. ಬೂದಿಯು ಬೆಂಕಿಯನ್ನು ಸೂಚಿಸುತ್ತದೆ. ಯಾವ ಬೆಂಕಿಯೆಂಬುದನ್ನು ಸುತ್ತಣ ಸಂದರ್ಭವೇ ಹೇಳಬೇಕು.

ರಕ್ತಸೂಚಕವೂ ಹೀಗೆಯೇ. ಸಿ.ಎ.125 ಅಂಡಾಶಯದ ಕ್ಯಾನ್ಸರಿನಲ್ಲಿ ಮಾತ್ರವಲ್ಲದೆ ಹೊಟ್ಟೆಯ ಕ್ಷಯರೋಗದಲ್ಲಿಯೂ ಏರುತ್ತದೆ. ಕ್ಷಯವು ಇನ್ನೂ ವ್ಯಾಪಕವಾಗಿರುವ ನಮ್ಮ ಪ್ರಾಂತಗಳಲ್ಲಿ ಇದು ಅಲಕ್ಷ್ಯ ಮಾಡತಕ್ಕ ಸಂಗತಿಯಲ್ಲ. ಅಂಕಿಯೊಂದನ್ನೇ ನಂಬಿದರೆ ಗುಣವಾಗತಕ್ಕ ಕ್ಷಯವನ್ನು ಬೆಳೆದ ಕ್ಯಾನ್ಸರೆಂದು ಎಣಿಸುವ ಭಯವಿದೆ. ಸಿ.ಇ.ಎ. ಬೀಡಿ ಸಿಗರೇಟು ಸೇದುವವರಲ್ಲಿಯೂ ತುಸು ಹೆಚ್ಚಿರುತ್ತದೆ. ರಕ್ತದಲ್ಲಿ ತೇಲುವ ಡಿ.ಎನ್.ಎ.ಯ ಬಹುಭಾಗವು ಗಡ್ಡೆಯದೇ ಅಲ್ಲ, ಸಹಜವಾಗಿ ಸಾಯುವ ರಕ್ತಕಣಗಳದು. ವಯಸ್ಸಾದವರ ರಕ್ತಕಣಗಳಲ್ಲಿ ತಾವಾಗಿಯೇ ಆಗಿರುವ ಉತ್ಪರಿವರ್ತನೆಗಳನ್ನು ಗಡ್ಡೆಯವೆಂದು ಭ್ರಮಿಸುವುದೂ ಉಂಟು. ಒಬ್ಬ ಕವಿಯ ಕೃತಿಯನ್ನು ಮತ್ತೊಬ್ಬನ ಅಂಕಿತದಲ್ಲಿ ಸೇರಿಸಿದಂತೆ ಇದು.

ರಕ್ತವನ್ನು ತೆಗೆದು ಕಳುಹಿಸುವ ರೀತಿಯೂ ಮುಖ್ಯ. ಸಾಧಾರಣ ನಳಿಗೆಯಲ್ಲಿ ತೆಗೆದ ರಕ್ತದಿಂದ ಕೆಲವೇ ಗಂಟೆಗಳೊಳಗೆ ದ್ರವಭಾಗವನ್ನು ಬೇರ್ಪಡಿಸದಿದ್ದರೆ ಬಿಳಿಯ ರಕ್ತಕಣಗಳು ಒಡೆದು, ತಮ್ಮ ಡಿ.ಎನ್.ಎ.ಯನ್ನು ಸುರಿದು, ಗಡ್ಡೆಯ ಅಲ್ಪ ಕುರುಹನ್ನು ಮುಚ್ಚಿಬಿಡುತ್ತವೆ. ಕಣಗಳನ್ನು ಒಡೆಯಗೊಡದ ವಿಶೇಷ ನಳಿಗೆಗಳಲ್ಲಿ ರಕ್ತವು ಕೆಲವು ದಿನ ಕೆಡದೆ ಇರುವುದಾದರೂ ಅವಕ್ಕೂ ಉಷ್ಣತೆಯ ಮಿತಿಯುಂಟು. ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಮೀರುವ ಯಾದಗಿರಿಯಿಂದ ದೂರದ ನಗರಕ್ಕೆ ಹೋಗುವ ನಳಿಗೆಯ ವಿಷಯದಲ್ಲಿ, ಅದು ಎಲ್ಲಿ, ಎಷ್ಟು ಹೊತ್ತು, ಯಾವ ಶಾಖದಲ್ಲಿತ್ತು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ದಾಖಲೆಯು ಯಾರ ಯಾರ ಕೈದಾಟಿ ಬಂದಿತೆಂಬುದನ್ನು ವಿಚಾರಿಸದೆ ಯಾವ ಇತಿಹಾಸಕಾರನೂ ಅದನ್ನು ಬಳಸುವುದಿಲ್ಲವಷ್ಟೆ.

7

ಇಷ್ಟರಿಂದ ರಕ್ತಸೂಚಕಗಳ ಬಗೆಗೆ ನಿರಾಶೆಯೇ ಉಚಿತವೆಂದು ನಿರ್ಣಯಿಸುವುದು ಸರಿಯಲ್ಲ. 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದು ಇದಕ್ಕೆ ಸಾಕ್ಷಿ. ಎರಡನೆಯ ಘಟ್ಟದ ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ 455 ರೋಗಿಗಳನ್ನು ಅಲ್ಲಿ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ರಸಾಯನ ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ರಕ್ತದಲ್ಲಿ ಗಡ್ಡೆಯ ಡಿ.ಎನ್.ಎ. ಉಳಿದಿದೆಯೇ ಎಂಬುದರಿಂದ, ಇನ್ನೊಂದಕ್ಕೆ ರೂಢಿಯ ಕ್ರಮದಿಂದ ತೀರ್ಮಾನಿಸಿದರು. ರಕ್ತಪರೀಕ್ಷೆಯ ಗುಂಪಿನಲ್ಲಿ 100ಕ್ಕೆ 15 ಮಂದಿ, ಇನ್ನೊಂದರಲ್ಲಿ 28 ಮಂದಿ ರಸಾಯನ ಚಿಕಿತ್ಸೆ ಪಡೆದರು. ಎರಡು ವರ್ಷಗಳ ಬಳಿಕ ರೋಗ ಮರುಕಳಿಸದೆ ಉಳಿದವರು ಕ್ರಮವಾಗಿ 93.5 ಮತ್ತು 92.4. ಎಂದರೆ ಸುಮಾರು ಅರ್ಧದಷ್ಟು ಜನರಿಗೆ ಉಗ್ರ ಔಷಧದ ಕಷ್ಟ ತಪ್ಪಿತು, ನಷ್ಟವೇನೂ ಕಾಣಲಿಲ್ಲ. ಇಲ್ಲಿ ಸೂಚಕವು ಭವಿಷ್ಯವನ್ನು ಹೇಳಿ ಸುಮ್ಮನಾಗದೆ ದಾರಿಯನ್ನೂ ತೋರಿಸಿತು. ಫಲವನ್ನು ಅರಿಯುವ ಮೊದಲೇ ನಿಯಮಗಳನ್ನು ಬರೆದಿಟ್ಟು, ಗೆದ್ದವರನ್ನೂ ಸೋತವರನ್ನೂ ಒಂದೇ ಲೆಕ್ಕದಲ್ಲಿ ಎಣಿಸಲಾಯಿತು.

ಆದರೆ ಈ ನಿರ್ಣಯವು ಆ ಘಟ್ಟದ ಆ ರೋಗಕ್ಕೆ ಮಾತ್ರ ಸಲ್ಲುವುದು. ನಮ್ಮ ಪ್ರಾಂತದಲ್ಲಿ ಹೆಚ್ಚಾಗಿ ಕಾಣುವ ಬಾಯಿಯ ಕ್ಯಾನ್ಸರಿನಲ್ಲಿಯೂ ಗರ್ಭಕೊರಳಿನ ಕ್ಯಾನ್ಸರಿನಲ್ಲಿಯೂ, ಚಿಕಿತ್ಸೆಯನ್ನು ಆರಿಸಲು ವಾಡಿಕೆಯಾಗಿ ಬಳಸತಕ್ಕ ರಕ್ತಸೂಚಕವು ಇನ್ನೂ ಸ್ಥಿರಪಟ್ಟಿಲ್ಲ. ಅಲ್ಲಿ ಚಿಕಿತ್ಸೆಯನ್ನು ನಿರ್ಧರಿಸುವುದು ಗಡ್ಡೆಯ ತುಣುಕಿನ ಪರೀಕ್ಷೆ, ರೋಗದ ಘಟ್ಟ ಮತ್ತು ರೋಗಿಯ ಬಲಾಬಲ. ರಕ್ತದಿಂದ ಆಗ ತಿಳಿಯಬೇಕಾದುದು ಬಹುಮಟ್ಟಿಗೆ ಹಳೆಯ ಸಂಗತಿಗಳೇ: ಹಿಮೋಗ್ಲೋಬಿನ್ ಎಷ್ಟಿದೆ, ಸಿಸ್‌ಪ್ಲಾಟಿನ್ ಔಷಧವನ್ನು ತಾಳಲು ಮೂತ್ರಪಿಂಡಗಳು ಸಮರ್ಥವಾಗಿವೆಯೆ ಇತ್ಯಾದಿ. ಇಂಥ ಸಾಮಾನ್ಯ ಪರೀಕ್ಷೆಗಳನ್ನು ತಾಲ್ಲೂಕು ಸ್ಥಳದಲ್ಲಿಯೇ ಸಕಾಲದಲ್ಲಿ ಮಾಡಿಸುವುದರಿಂದ ಆಗುವ ಉಪಕಾರವನ್ನು, ಹೊಸ ಸೂಚಕದ ಹೊಳಪಿನಲ್ಲಿ ಮರೆಯಬಾರದು.

ಆದುದರಿಂದ ಹೊಸ ರಕ್ತಪರೀಕ್ಷೆಯೊಂದರ ವಾರ್ತೆಯನ್ನು ಓದುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕೆಲವು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಭವಿಷ್ಯವನ್ನು ಬರೆದುದು ಫಲಕ್ಕೆ ಮೊದಲೋ ಅನಂತರವೋ? ತಪ್ಪಾದ ಭವಿಷ್ಯಗಳನ್ನೂ ಎಣಿಸಿದ್ದಾರೆಯೆ? ಎಷ್ಟು ಜನರಲ್ಲಿ, ಯಾವ ದೇಶದಲ್ಲಿ, ರೋಗದ ಯಾವ ಘಟ್ಟದಲ್ಲಿ ಪರೀಕ್ಷಿಸಿದರು? ರಕ್ತವು ಯಾವ ಸ್ಥಿತಿಯಲ್ಲಿ ಪರೀಕ್ಷಾಲಯವನ್ನು ಸೇರಿತು? ಎಲ್ಲಕ್ಕಿಂತ ಮುಖ್ಯವಾಗಿ, ಉತ್ತರವು 'ಫಲಿಸದು' ಎಂದು ಬಂದರೆ ರೋಗಿಗೆ ಕೊಡಲು ಬೇರೆ ಔಷಧವಿದೆಯೆ, ಅದು ಅವನ ಕೈಗೆ ಎಟಕುವುದೆ? ಕೊನೆಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದರೆ, ಎಷ್ಟೇ ಸೂಕ್ಷ್ಮವಾದ ಪರೀಕ್ಷೆಯಾದರೂ ಆ ರೋಗಿಯ ಪಾಲಿಗೆ ಬರಿಯ ಗತಿಸೂಚಕವಾಗಿಯೇ ಉಳಿಯುತ್ತದೆ. ಅಂಥ ಸಂದರ್ಭದಲ್ಲಿ ಪರೀಕ್ಷೆಗೆ ತೆರಬೇಕಾದ ಹಣವನ್ನು ಚಿಕಿತ್ಸೆಗೂ ಪೋಷಣೆಗೂ ಉಳಿಸಿಕೊಳ್ಳಬಹುದೆ ಎಂದು ವೈದ್ಯರನ್ನು ಕೇಳಲು ರೋಗಿಯ ಮನೆಯವರು ಸಂಕೋಚಪಡಬೇಕಾದುದಿಲ್ಲ.